ದೇಹದ ಕಾವಲುಗಾರರನ್ನು ಕಂಡವನು

ಬರಿಗಾಲಿನಲ್ಲಿ ಹೊಲದ ಬದುವಿನ ಮೇಲೆ ನಡೆಯುವಾಗ ಕಾಲಿಗೆ ಜಾಲಿಯ ಮುಳ್ಳು ಚುಚ್ಚಿದ ಅನುಭವ ನಿಮ್ಮಲ್ಲಿ ಅನೇಕರಿಗೆ ಇದ್ದೀತು. ಮುಳ್ಳನ್ನು ಒಡನೆಯೇ ಕೀಳದೆ ಬಿಟ್ಟರೆ ಮರುದಿನ ಆ ಜಾಗ ಕೆಂಪಾಗುತ್ತದೆ, ಊದಿಕೊಳ್ಳುತ್ತದೆ, ಬಿಸಿಯಾಗುತ್ತದೆ, ಮುಟ್ಟಿದರೆ ನೋಯುತ್ತದೆ. ಸುಮಾರು ಎರಡು ಸಾವಿರ ವರ್ಷಗಳ ಹಿಂದೆಯೇ ರೋಮಿನ ಸೆಲ್ಸಸ್ ಎಂಬ ಗ್ರಂಥಕಾರನು ಈ ನಾಲ್ಕು ಲಕ್ಷಣಗಳನ್ನು ಒಟ್ಟಿಗೆ ಬರೆದಿಟ್ಟಿದ್ದನು. ಇದನ್ನು ನಾವು ಉರಿಯೂತವೆಂದು ಕರೆಯುತ್ತೇವೆ. ಉರಿ ಮತ್ತು ಊತ ಎಂಬ ಎರಡು ಮಾತುಗಳು ಕೂಡಿದ ಈ ಹೆಸರೇ ಅದರ ಸ್ವರೂಪವನ್ನು ತಿಳಿಸುತ್ತದೆ.

ನಿಮ್ಮ ಮನೆಯಲ್ಲಿ ವಯಸ್ಸಾದ ಅಜ್ಜಿಯೋ ಅಜ್ಜನೋ ಇದ್ದರೆ ಇನ್ನೊಂದು ಸಂಗತಿಯನ್ನೂ ನೀವು ಕಂಡಿರಬಹುದು. ಬೆಳಗ್ಗೆ ಹಾಸಿಗೆಯಿಂದ ಏಳುವಾಗ ಅವರು ಮೊಳಕಾಲನ್ನು ಹಿಡಿದುಕೊಂಡು ಮೆಲ್ಲಗೆ ಏಳುತ್ತಾರೆ. ಒಮ್ಮೊಮ್ಮೆ ಅವರ ಮೊಳಕಾಲು ಊದಿಕೊಂಡಿರುತ್ತದೆ, ಮುಟ್ಟಿದರೆ ಬೆಚ್ಚಗಿರುತ್ತದೆ. ಅಲ್ಲಿ ಯಾವ ಮುಳ್ಳೂ ಚುಚ್ಚಿಲ್ಲ, ಯಾವ ರೋಗಾಣುವೂ ಹೊಕ್ಕಿಲ್ಲ. ಹಾಗಿದ್ದರೂ ಅಲ್ಲಿ ಉರಿಯೂತವೇಕೆ? ಮುಳ್ಳಿನ ಗಾಯಕ್ಕೂ ಮುದಿ ಮೊಳಕಾಲಿಗೂ ಏನು ಸಂಬಂಧ? ಈ ಪ್ರಶ್ನೆಗೆ ಇಂದಿನ ವಿಜ್ಞಾನವು ಕೊಡುವ ಉತ್ತರದ ಮೊದಲ ಎಳೆಯನ್ನು ಹಿಡಿದವನು 1882ರ ಚಳಿಗಾಲದಲ್ಲಿ ಪುಟ್ಟ ಸಮುದ್ರಜೀವಿಯೊಂದಕ್ಕೆ ಗುಲಾಬಿಯ ಮುಳ್ಳನ್ನು ಚುಚ್ಚಿ ನೋಡಿದ ಒಬ್ಬ ವಿಜ್ಞಾನಿ. ಅವನ ಹೆಸರು ಇಲ್ಯಾ ಮೆಚ್ನಿಕೋವ್.

ಮೆಚ್ನಿಕೋವನು ಹುಟ್ಟಿದುದು 1845ರ ಮೇ ತಿಂಗಳ 15ರಂದು, ಅಂದಿನ ರಷ್ಯಾ ಸಾಮ್ರಾಜ್ಯಕ್ಕೆ ಸೇರಿದ್ದ ಖಾರ್ಕೋವ್ ನಗರದ ಸಮೀಪದ ಒಂದು ಹಳ್ಳಿಯಲ್ಲಿ. ಆ ಪ್ರದೇಶವು ಇಂದು ಉಕ್ರೇನ್ ದೇಶದಲ್ಲಿದೆ. ತಂದೆ ಚಕ್ರವರ್ತಿಯ ಕಾವಲುಪಡೆಯಲ್ಲಿ ಅಧಿಕಾರಿಯಾಗಿದ್ದವನು. ತಾಯಿ ಎಮಿಲಿಯಾ ಒಬ್ಬ ಯೆಹೂದಿ ಲೇಖಕನ ಮಗಳು. ಐವರು ಮಕ್ಕಳಲ್ಲಿ ಇಲ್ಯಾ ಕಡೆಯವನು. ಒಂದೆಡೆ ನಿಲ್ಲದ ಅವನ ಚುರುಕುತನವನ್ನು ಕಂಡು ಮನೆಯವರು ಅವನನ್ನು ಪಾದರಸವೆಂದೇ ಕರೆಯುತ್ತಿದ್ದರಂತೆ. ಗಿಡ, ಹುಳು, ಕಪ್ಪೆಗಳೆಂದರೆ ಅವನಿಗೆ ಎಳೆಯ ವಯಸ್ಸಿನಿಂದಲೂ ಪ್ರಾಣ. ತನ್ನ ಕೈಯಲ್ಲಿದ್ದ ಪುಡಿಗಾಸನ್ನು ಕೊಟ್ಟು ಓರಗೆಯ ಮಕ್ಕಳನ್ನು ಕೂಡಿಸಿ, ಅವರಿಗೆ ಪ್ರಕೃತಿಯ ವಿಷಯವಾಗಿ ಉಪನ್ಯಾಸ ಮಾಡುತ್ತಿದ್ದನೆಂದು ಹೇಳುತ್ತಾರೆ.

ಅವನು ಖಾರ್ಕೋವ್ ವಿಶ್ವವಿದ್ಯಾನಿಲಯದಲ್ಲಿ ನಾಲ್ಕು ವರ್ಷಗಳ ವ್ಯಾಸಂಗವನ್ನು ಎರಡೇ ವರ್ಷಗಳಲ್ಲಿ ಮುಗಿಸಿ, 1864ರಲ್ಲಿ ಹೊರಬಂದನು. ಅನಂತರ ಜರ್ಮನಿಗೂ ಇಟಲಿಗೂ ಹೋಗಿ, ಸಮುದ್ರದ ಕೀಳುಜೀವಿಗಳು ಮೊಟ್ಟೆಯಿಂದ ಬೆಳೆಯುವ ಬಗೆಯನ್ನು ಅಭ್ಯಾಸ ಮಾಡಿದನು. ಡಾರ್ವಿನ್ನನ ಗ್ರಂಥ 1859ರಲ್ಲಿ ಪ್ರಕಟವಾಗಿ, ಜೀವಿಗಳೆಲ್ಲವೂ ಒಂದೇ ವಂಶವೃಕ್ಷದ ಕೊಂಬೆಗಳೆಂಬ ವಿಚಾರವು ಎಲ್ಲೆಡೆಯೂ ಹಬ್ಬುತ್ತಿದ್ದ ಕಾಲ ಅದು. ಮನುಷ್ಯನ ದೇಹದ ಗುಟ್ಟನ್ನು ತಿಳಿಯಬೇಕಾದರೆ ಅವನ ದೂರದ ಬಂಧುಗಳಾದ ಹುಳುಗಳಲ್ಲಿಯೂ ಮೀನುಗಳಲ್ಲಿಯೂ ಹುಡುಕಬಹುದೆಂಬ ನಂಬಿಕೆ ತರುಣ ಮೆಚ್ನಿಕೋವನಲ್ಲಿ ಬೇರೂರಿತು. 1865ರಲ್ಲಿ ಚಪ್ಪಟೆಹುಳುವೊಂದನ್ನು ಪರೀಕ್ಷಿಸುತ್ತಿರುವಾಗ, ಅದರ ಜೀವಕೋಶಗಳು ಆಹಾರದ ಕಣಗಳನ್ನು ತಾವೇ ನುಂಗಿ ತಮ್ಮೊಳಗೇ ಜೀರ್ಣಿಸಿಕೊಳ್ಳುವುದನ್ನು ಅವನು ಕಂಡನು. ಆಗ ಅದು ಸಣ್ಣ ಸಂಗತಿಯೆಂದು ತೋರಿತು. ಮುಂದೆ ಅದೇ ಅವನ ಜೀವಮಾನದ ಸಾಧನೆಗೆ ಬೀಜವಾಯಿತು.

ಕೀರ್ತಿ ಬೇಗನೆ ಬಂದಿತು, ಸುಖ ಬರಲಿಲ್ಲ. 1869ರಲ್ಲಿ ಅವನು ಲುದ್ಮಿಲಾ ಎಂಬ ಕನ್ಯೆಯನ್ನು ಮದುವೆಯಾದನು. ಆಕೆಗೆ ಆಗಲೇ ಕ್ಷಯರೋಗ ತಗುಲಿತ್ತು. ಮದುವೆಯ ದಿನ ಚರ್ಚಿನೊಳಕ್ಕೆ ನಡೆದು ಬರಲೂ ತ್ರಾಣವಿಲ್ಲದ ಆಕೆಯನ್ನು ಕುರ್ಚಿಯಲ್ಲಿ ಕೂರಿಸಿ ಹೊತ್ತು ತರಬೇಕಾಯಿತು. ಹೆಂಡತಿಯನ್ನು ಉಳಿಸಿಕೊಳ್ಳಲೆಂದು ಅವನು ಹಗಲಿರುಳು ದುಡಿದು ಹಣ ಕೂಡಿಸಿದನು; ಹವೆ ಬದಲಾದರೆ ಗುಣವಾದೀತೆಂದು ದೂರದ ಮದೈರಾ ದ್ವೀಪಕ್ಕೆ ಕರೆದೊಯ್ದನು. ಯಾವುದೂ ಫಲಿಸಲಿಲ್ಲ. 1873ರಲ್ಲಿ ಆಕೆ ಅಲ್ಲಿಯೇ ತೀರಿಕೊಂಡಳು. ಸೂಕ್ಷ್ಮದರ್ಶಕದಲ್ಲಿ ದುಡಿದು ದುಡಿದು ಮೆಚ್ನಿಕೋವನ ಕಣ್ಣುಗಳೂ ಸೋತಿದ್ದವು. ಬದುಕಿನಲ್ಲಿ ಅವನಿಗೆ ಆಸೆಯೇ ಉಳಿಯಲಿಲ್ಲ; ತನ್ನ ಪ್ರಾಣವನ್ನು ತಾನೇ ಕಳೆದುಕೊಳ್ಳುವ ಯತ್ನವನ್ನೂ ಮಾಡಿದನು. ಅದೃಷ್ಟವಶಾತ್ ಅದು ಕೈಗೂಡಲಿಲ್ಲ. ಅಂದು ಅವನು ಉಳಿದುದರಿಂದ ಮಾನವಕುಲಕ್ಕೆ ಎಷ್ಟು ಲಾಭವಾಯಿತೆಂಬುದನ್ನು ಆ ಕತ್ತಲೆಯ ಗಳಿಗೆಯಲ್ಲಿ ಅವನು ಊಹಿಸಿಯೂ ಇರಲಾರನು.

ಕಾಲವು ಗಾಯವನ್ನು ಮಾಯಿಸಿತು. 1875ರಲ್ಲಿ ಅವನು ಓಲ್ಗಾ ಎಂಬಾಕೆಯನ್ನು ವರಿಸಿದನು. ಆಕೆ ಅವನಿಗೆ ಸಂಗಾತಿಯಾಗಿಯೂ ಪ್ರಯೋಗಶಾಲೆಯಲ್ಲಿ ಸಹಾಯಕಿಯಾಗಿಯೂ ಕಡೆಯವರೆಗೆ ಜೊತೆಗಿದ್ದಳು. ಅವನ ಮರಣಾನಂತರ ಅವನ ಜೀವನಚರಿತ್ರೆಯನ್ನು ಬರೆದವಳೂ ಆಕೆಯೇ. ಆಗ ಮೆಚ್ನಿಕೋವನು ಕಪ್ಪು ಸಮುದ್ರದ ತೀರದ ಒಡೆಸ್ಸಾ ನಗರದ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕನಾಗಿದ್ದನು. 1881ರಲ್ಲಿ ರಷ್ಯಾದ ಚಕ್ರವರ್ತಿ ಎರಡನೆಯ ಅಲೆಕ್ಸಾಂಡರನ ಕೊಲೆಯಾಯಿತು. ದೇಶದಲ್ಲೆಲ್ಲ ಕ್ಷೋಭೆ ಹರಡಿ, ವಿಶ್ವವಿದ್ಯಾನಿಲಯದಲ್ಲಿಯೂ ಪಾಠಪ್ರವಚನಗಳಿಗಿಂತ ಕಲಹವೇ ಹೆಚ್ಚಾಯಿತು. ಇದರಿಂದ ಬೇಸತ್ತ ಮೆಚ್ನಿಕೋವನು 1882ರಲ್ಲಿ ಹುದ್ದೆಗೆ ರಾಜೀನಾಮೆಯಿತ್ತು, ಹೆಂಡತಿಯನ್ನೂ ಆಕೆಯ ತಮ್ಮತಂಗಿಯರನ್ನೂ ಕರೆದುಕೊಂಡು ಸಿಸಿಲಿ ದ್ವೀಪದ ಮೆಸ್ಸೀನಾ ಪಟ್ಟಣಕ್ಕೆ ಬಂದು ನೆಲೆಸಿದನು. ಕಡಲಿಗೆ ಎದುರಾಗಿದ್ದ ಮನೆಯ ಕೋಣೆಯೊಂದೇ ಅವನ ಪ್ರಯೋಗಶಾಲೆಯಾಯಿತು.

ಒಂದು ದಿನ ಮನೆಯವರೆಲ್ಲರೂ ಕಪಿಗಳ ಆಟವನ್ನು ನೋಡಲು ಸರ್ಕಸ್ಸಿಗೆ ಹೋಗಿದ್ದರು. ಮೆಚ್ನಿಕೋವನೊಬ್ಬನೇ ಸೂಕ್ಷ್ಮದರ್ಶಕದ ಮುಂದೆ ಕುಳಿತಿದ್ದನು. ಅವನೆದುರಿಗಿದ್ದುದು ನಕ್ಷತ್ರಮೀನಿನ ಮರಿ. ಅದರ ಮೈ ಗಾಜಿನಂತೆ ಪಾರದರ್ಶಕ. ಒಳಗೆ ನಡೆಯುವುದೆಲ್ಲವೂ ಹೊರಗಿನಿಂದ ಕಾಣುತ್ತದೆ. ಅದರೊಳಗೆ ಅತ್ತಿತ್ತ ಹರಿದಾಡುವ ಕೆಲವು ಜೀವಕೋಶಗಳನ್ನು ಅವನು ನೋಡುತ್ತಿದ್ದನು. ಹುಳುವಿನಲ್ಲಿ ಇಂಥ ಕೋಶಗಳು ಆಹಾರವನ್ನು ನುಂಗುತ್ತವೆಂಬುದು ಅವನಿಗೆ ಗೊತ್ತಿತ್ತು. ಆದರೆ ನಕ್ಷತ್ರಮೀನಿಗೆ ಜೀರ್ಣಿಸಲು ಬೇರೆಯೇ ಹೊಟ್ಟೆಯಿದೆ. ಹಾಗಾದರೆ ಈ ಅಲೆಮಾರಿ ಕೋಶಗಳಿಗೆ ಕೆಲಸವೇನು? ಥಟ್ಟನೆ ಒಂದು ವಿಚಾರ ಮಿಂಚಿತು. ಹೊರಗಿನಿಂದ ಕೇಡು ಬಂದಾಗ ಅದನ್ನು ನುಂಗಿ ದೇಹವನ್ನು ಕಾಯುವುದೇ ಅವುಗಳ ಕೆಲಸವಾಗಿರಬಾರದೇಕೆ? ಕುಳಿತಲ್ಲಿ ಕೂರಲಾರದೆ ಅವನು ಕೋಣೆಯಲ್ಲಿ ಅತ್ತಿಂದಿತ್ತ ಓಡಾಡಿದನು. ಮನಸ್ಸನ್ನು ಹತೋಟಿಗೆ ತಂದುಕೊಳ್ಳಲು ಕಡಲ ದಂಡೆಗೂ ಹೋಗಿ ಬಂದನು.

ವಿಚಾರ ಮಿಂಚಿದರೆ ಸಾಲದು, ಅದನ್ನು ಒರೆಗೆ ಹಚ್ಚಿ ನೋಡಬೇಕು. ಮಕ್ಕಳ ಕ್ರಿಸ್‌ಮಸ್ ಹಬ್ಬಕ್ಕಾಗಿ ಕೆಲವೇ ದಿನಗಳ ಹಿಂದೆ ಅವನು ಮನೆಯ ತೋಟದಲ್ಲಿ ಒಂದು ಕಿತ್ತಳೆಯ ಗಿಡವನ್ನು ಅಲಂಕರಿಸಿದ್ದನು. ಅದೇ ತೋಟದಿಂದ ಗುಲಾಬಿಯ ಮುಳ್ಳುಗಳನ್ನು ಕಿತ್ತು ತಂದು, ನಕ್ಷತ್ರಮೀನಿನ ಮರಿಗಳ ಮೈಯೊಳಕ್ಕೆ ಮೆಲ್ಲನೆ ಚುಚ್ಚಿದನು. ಆ ರಾತ್ರಿ ಅವನಿಗೆ ನಿದ್ದೆ ಬರಲಿಲ್ಲ. ಬೆಳಕು ಹರಿಯುತ್ತಲೇ ಎದ್ದು ನೋಡಿದರೆ, ಅವನು ಊಹಿಸಿದಂತೆಯೇ ಆಗಿತ್ತು. ಅಲೆಮಾರಿ ಕೋಶಗಳು ದಂಡುಗಟ್ಟಿ ಬಂದು ಮುಳ್ಳಿನ ಸುತ್ತ ಮುತ್ತಿಗೆ ಹಾಕಿ ನಿಂತಿದ್ದವು.

ಈ ಪ್ರಯೋಗದ ಮಹತ್ತ್ವವನ್ನು ಅರಿಯಲು ಎರಡು ವಿಷಯಗಳನ್ನು ನೆನಪಿನಲ್ಲಿಡಬೇಕು. ಮೊದಲನೆಯದು, ಉರಿಯೂತವೆಂದರೆ ರಕ್ತನಾಳಗಳಿಗೆ ಒದಗುವ ಕೇಡೆಂದು ಅಂದಿನ ವೈದ್ಯರಲ್ಲಿ ಅನೇಕರು ತಿಳಿದಿದ್ದರು. ಆದರೆ ನಕ್ಷತ್ರಮೀನಿನ ಮರಿಯಲ್ಲಿ ರಕ್ತನಾಳಗಳೇ ಇಲ್ಲ. ಆದುದರಿಂದ ಉರಿಯೂತದ ತಿರುಳು ರಕ್ತನಾಳವಲ್ಲ, ಓಡಿ ಬಂದು ಮುತ್ತುವ ಈ ಕೋಶಗಳೇ ಎಂದು ಮೆಚ್ನಿಕೋವನು ವಾದಿಸಿದನು. ಉರಿಯೂತವು ರೋಗವಲ್ಲ, ಅದು ದೇಹವು ಹೂಡುವ ರಕ್ಷಣೆಯ ಯುದ್ಧವೆಂಬುದು ಅವನ ಮತ. ಎರಡನೆಯದು, ಅವನು ಚುಚ್ಚಿದುದು ರೋಗಾಣುವನ್ನಲ್ಲ, ಬರಿಯ ಮುಳ್ಳನ್ನು. ಕಾವಲು ಕೋಶಗಳು ಓಡಿ ಬರಲು ಗಾಯವೊಂದೇ ಸಾಕಾಯಿತೆಂದು ತೋರುತ್ತದೆ. ಈ ಎರಡನೆಯ ಸಂಗತಿಯನ್ನು ಮರೆಯಬೇಡಿ. ಅಜ್ಜಿಯ ಮೊಳಕಾಲಿನ ಗುಟ್ಟು ಇದರಲ್ಲಿಯೇ ಅಡಗಿದೆ.

ಆ ದಿನಗಳಲ್ಲಿ ರೋಗಶಾಸ್ತ್ರದ ಮಹಾಪಂಡಿತನಾದ ಜರ್ಮನಿಯ ವಿರ್ಚೋವನು ಮೆಸ್ಸೀನಾಕ್ಕೆ ಬಂದನು. ಮೆಚ್ನಿಕೋವನು ತೋರಿಸಿದುದನ್ನು ನೋಡಿ ಅವನು ಮೆಚ್ಚಿದನು. ಆದರೆ ವೈದ್ಯರ ನಂಬಿಕೆ ಇದಕ್ಕೆ ತೀರ ವಿರುದ್ಧವಾಗಿದೆಯೆಂದು ಎಚ್ಚರಿಕೆಯನ್ನೂ ಹೇಳಿದನು. ರಕ್ತದ ಬಿಳಿಯ ಕಣಗಳೊಳಗೆ ರೋಗಾಣುಗಳು ಇರುವುದನ್ನು ಕಂಡಿದ್ದ ವೈದ್ಯರು, ಆ ಕಣಗಳೇ ರೋಗಾಣುಗಳನ್ನು ಹೊತ್ತು ದೇಹದಲ್ಲೆಲ್ಲ ಹರಡುತ್ತವೆಂದು ನಂಬಿದ್ದರು. ಕಾವಲುಗಾರನನ್ನೇ ಅವರು ಕಳ್ಳನ ಜೊತೆಗಾರನೆಂದು ಭಾವಿಸಿದ್ದರು. 1883ರಲ್ಲಿ ವಿಯೆನ್ನಾ ನಗರದ ಪ್ರಾಣಿಶಾಸ್ತ್ರಜ್ಞ ಕ್ಲೌಸ್ ಈ ಕೋಶಗಳಿಗೆ ಫ್ಯಾಗೊಸೈಟ್ ಎಂಬ ಗ್ರೀಕ್ ಮೂಲದ ಹೆಸರನ್ನು ಸೂಚಿಸಿದನು. ತಿನ್ನುವ ಕೋಶವೆಂದು ಅದರ ಅರ್ಥ. ಕನ್ನಡದಲ್ಲಿ ನಾವು ಭಕ್ಷಕಕೋಶವೆನ್ನಬಹುದು.

ಮುಂದಿನ ವರ್ಷ ಮೆಚ್ನಿಕೋವನು ಕೊಳದ ನೀರಿನಲ್ಲಿರುವ ನೀರುಚಿಗಟವೆಂಬ ಪುಟ್ಟ ಜೀವಿಯನ್ನು ಆರಿಸಿಕೊಂಡನು. ಇದರ ಮೈಯೂ ಪಾರದರ್ಶಕ. ಸೂಜಿಯಂತೆ ಚೂಪಾದ ಒಂದು ಬಗೆಯ ಶಿಲೀಂಧ್ರದ ಬೀಜಾಣುಗಳು ಅದರ ಕರುಳನ್ನು ತೂರಿ ಮೈಯೊಳಕ್ಕೆ ನುಗ್ಗುತ್ತವೆ. ಒಡನೆಯೇ ಭಕ್ಷಕಕೋಶಗಳು ಬಂದು ಅವುಗಳನ್ನು ಮುತ್ತುತ್ತವೆ. ಕಾವಲುಗಾರರು ಗೆದ್ದರೆ ಜೀವಿ ಉಳಿಯುತ್ತದೆ. ಬೀಜಾಣುಗಳು ಗೆದ್ದರೆ ಅದು ಸಾಯುತ್ತದೆ. ರೋಗವೆಂದರೆ ಎರಡು ಪಕ್ಷಗಳ ನಡುವಣ ಹೋರಾಟವೆಂಬುದನ್ನು ಅವನು ಹೀಗೆ ಕಣ್ಣಾರೆ ಕಂಡು ಬರೆದನು.

ಆದರೆ ಅವನ ಹಾದಿ ಸುಗಮವಾಗಿರಲಿಲ್ಲ. 1886ರಲ್ಲಿ ಒಡೆಸ್ಸಾದಲ್ಲಿ ಸ್ಥಾಪಿತವಾದ ರೋಗಾಣು ಸಂಶೋಧನ ಕೇಂದ್ರಕ್ಕೆ ಅವನು ನಿರ್ದೇಶಕನಾದನು. ಅವನು ವೈದ್ಯಪದವೀಧರನಲ್ಲವೆಂದು ಊರಿನ ವೈದ್ಯರು ಮೂಗು ಮುರಿದರು. ಕುರಿಗಳಿಗೆ ನೆರಡಿರೋಗದ ಲಸಿಕೆ ಹಾಕುವ ಪ್ರಯೋಗವೊಂದು, ಅವನು ಊರಿನಲ್ಲಿಲ್ಲದಾಗ ಕೆಟ್ಟು, ಬಹುಸಂಖ್ಯೆಯ ಕುರಿಗಳು ಸತ್ತವು. ಮೆಚ್ನಿಕೋವನು ಮನನೊಂದು 1888ರಲ್ಲಿ ತಾಯ್ನಾಡನ್ನು ಬಿಟ್ಟನು. ಪ್ಯಾರಿಸ್ಸಿನಲ್ಲಿ ಲೂಯಿ ಪಾಶ್ಚರನು ಅವನನ್ನು ಆದರದಿಂದ ಬರಮಾಡಿಕೊಂಡು, ಅದೇ ವರ್ಷ ತೆರೆದ ತನ್ನ ಹೊಸ ಸಂಸ್ಥೆಯಲ್ಲಿ ಪ್ರಯೋಗಶಾಲೆಯೊಂದನ್ನು ಬಿಟ್ಟುಕೊಟ್ಟನು. ಉಳಿದ ಇಪ್ಪತ್ತೆಂಟು ವರ್ಷಗಳನ್ನು ಮೆಚ್ನಿಕೋವನು ಅಲ್ಲಿಯೇ ಕಳೆದನು. ಒಡೆಸ್ಸಾದಲ್ಲಿ ಅವನ ಶಿಷ್ಯನಾಗಿದ್ದ ಹಾಫ್‌ಕಿನ್ ಕೂಡ ಆ ಸಂಸ್ಥೆಗೆ ಬಂದು ಸೇರಿದನು. ಮುಂದೆ ಭಾರತಕ್ಕೆ ಬಂದು, 1897ರಲ್ಲಿ ಮುಂಬಯಿಯಲ್ಲಿ ಪ್ಲೇಗಿಗೆ ಲಸಿಕೆಯನ್ನು ಸಿದ್ಧಪಡಿಸಿ, ಅದನ್ನು ಮೊದಲು ತನ್ನ ಮೈಗೇ ಚುಚ್ಚಿಕೊಂಡು ಪರೀಕ್ಷಿಸಿದವನು ಈ ಹಾಫ್‌ಕಿನ್ನನೇ.

ಪ್ಯಾರಿಸ್ಸಿನಲ್ಲಿದ್ದ ಮೆಚ್ನಿಕೋವನಿಗೆ ದೀರ್ಘಕಾಲದ ಒಂದು ವಾದವು ಕಾದಿತ್ತು. 1890ರಲ್ಲಿ ಬರ್ಲಿನ್ನಿನಲ್ಲಿ ಬೇರಿಂಗ್ ಮತ್ತು ಕಿಟಸಾಟೊ ಎಂಬ ವಿಜ್ಞಾನಿಗಳು ರಕ್ತದ ದ್ರವಭಾಗದಲ್ಲಿಯೇ ವಿಷವನ್ನು ಅಡಗಿಸುವ ಪ್ರತಿವಸ್ತುಗಳಿರುವುದನ್ನು ತೋರಿಸಿದರು. ರಕ್ಷಣೆಯೆಲ್ಲವೂ ದ್ರವದ ಕೆಲಸ, ಕೋಶಗಳು ಬರಿಯ ಜಾಡಮಾಲಿಗಳು ಎಂದು ಒಂದು ಪಕ್ಷ. ಕೋಶಗಳೇ ಮುಖ್ಯವೆಂದು ಇನ್ನೊಂದು ಪಕ್ಷ. ಮೆಚ್ನಿಕೋವನು ಬಿಸಿರಕ್ತದ ವಾದಿ. ಪ್ರತಿಪಕ್ಷದವರು ಎತ್ತಿದ ಒಂದೊಂದು ಆಕ್ಷೇಪಕ್ಕೂ ಅವನು ಹೊಸ ಪ್ರಯೋಗವನ್ನೇ ಉತ್ತರವಾಗಿ ಕೊಟ್ಟನು. ಆದರೂ ಸತ್ಯಕ್ಕೆ ಬಾಗಿಲು ಮುಚ್ಚುವ ಸ್ವಭಾವ ಅವನದಲ್ಲ. ರಕ್ತದ್ರವದ ಶಕ್ತಿಗೆ ಬಲವಾದ ಸಾಕ್ಷ್ಯವನ್ನು ಕಂಡುಹಿಡಿದ ಬೊರ್ದೆಯೆಂಬ ತರುಣನು ದುಡಿಯುತ್ತಿದ್ದುದು ಮೆಚ್ನಿಕೋವನ ಪ್ರಯೋಗಶಾಲೆಯಲ್ಲಿಯೇ! 1903ರಲ್ಲಿ ಇಂಗ್ಲೆಂಡಿನ ರೈಟ್, ರಕ್ತದ್ರವದ ಕೆಲವು ವಸ್ತುಗಳು ರೋಗಾಣುವಿಗೆ ಲೇಪವಾಗಿ ಅಂಟಿ, ಭಕ್ಷಕಕೋಶಗಳು ಅದನ್ನು ಸುಲಭವಾಗಿ ನುಂಗುವಂತೆ ಮಾಡುತ್ತವೆಂದು ತೋರಿಸಿದನು. ಎರಡು ಪಕ್ಷಗಳೂ ಅರ್ಧರ್ಧ ಸತ್ಯವನ್ನು ಹಿಡಿದುಕೊಂಡಿದ್ದವೆಂಬುದು ಆಗ ತಿಳಿಯಿತು. 1908ರ ನೊಬೆಲ್ ಪಾರಿತೋಷಕವನ್ನು ಕೋಶಪಕ್ಷದ ಮೆಚ್ನಿಕೋವನಿಗೂ ದ್ರವಪಕ್ಷದ ಪೌಲ್ ಎರ್ಲಿಕ್ಕನಿಗೂ ಸಮನಾಗಿ ಹಂಚಿದುದು ಎಷ್ಟು ಉಚಿತವಾಗಿತ್ತು! ಅದೇ ವರ್ಷದ ಡಿಸೆಂಬರಿನಲ್ಲಿ ಮೆಸ್ಸೀನಾ ಪಟ್ಟಣವು ಭೀಕರ ಭೂಕಂಪಕ್ಕೆ ಸಿಕ್ಕಿ ನೆಲಸಮವಾಯಿತು. ಮುಳ್ಳಿನ ಪ್ರಯೋಗ ನಡೆದ ಊರು ಹೋಯಿತು; ಪ್ರಯೋಗದ ಫಲ ಮಾತ್ರ ಉಳಿಯಿತು.

ಇಳಿವಯಸ್ಸಿನಲ್ಲಿ ಮೆಚ್ನಿಕೋವನ ಗಮನ ಮುಪ್ಪಿನ ಕಡೆಗೆ ತಿರುಗಿತು. ಕರುಳಿನಲ್ಲಿ ಕೊಳೆಸುವ ರೋಗಾಣುಗಳು ವಿಷವನ್ನು ಹುಟ್ಟಿಸುತ್ತವೆಂದೂ ಹುಳಿಹಾಲನ್ನು ಕುಡಿದರೆ ಅದು ತಗ್ಗುತ್ತದೆಂದೂ ಅವನು ನಂಬಿದನು. ತಾನೂ ನಿಯಮದಿಂದ ಕುಡಿದನು. ದಿನವೂ ಮೊಸರುಂಡು ಬೆಳೆದ ನಮಗೆ ಇದು ಸೋಜಿಗದ ಮಾತಲ್ಲ. ಆದರೆ ಹುಳಿಹಾಲು ಮುಪ್ಪನ್ನು ತಡೆಯುತ್ತದೆಂಬುದು ಸಿದ್ಧವಾಗಲಿಲ್ಲ. ಮುದಿತನದಲ್ಲಿ ಭಕ್ಷಕಕೋಶಗಳು ದೇಹದ ಒಳ್ಳೆಯ ಕೋಶಗಳನ್ನೇ ತಿನ್ನತೊಡಗುತ್ತವೆ, ಕೂದಲು ನರೆಯುವುದೂ ಅದರಿಂದಲೇ ಎಂದು ಅವನು ಹೇಳಿದನು. ಕೂದಲಿನ ಮಾತನ್ನು ಇಂದಿನ ವಿಜ್ಞಾನ ಒಪ್ಪುವುದಿಲ್ಲ. ದೊಡ್ಡವರು ತಪ್ಪುವುದಿಲ್ಲವೆಂದು ತಿಳಿಯಬಾರದು. ಆದರೆ ಕಾವಲುಗಾರನೇ ಒಮ್ಮೊಮ್ಮೆ ಮನೆಗೆ ಕೇಡು ಮಾಡಬಲ್ಲನೆಂಬ ಅವನ ಸಂಶಯ ಮಾತ್ರ ಹುಸಿಯಾಗಲಿಲ್ಲ.

1916ರ ಜುಲೈ 15ರಂದು ಮೆಚ್ನಿಕೋವನು ಹೃದ್ರೋಗದಿಂದ ಪ್ಯಾರಿಸ್ಸಿನಲ್ಲಿ ಕಾಲವಾದನು. ಅವನ ಚಿತಾಭಸ್ಮವನ್ನು ಪಾಶ್ಚರ್ ಸಂಸ್ಥೆಯ ಗ್ರಂಥಾಲಯದಲ್ಲಿ ಇರಿಸಲಾಯಿತು. ಅವನು ಉತ್ತರಿಸದೆ ಬಿಟ್ಟುಹೋದ ಪ್ರಶ್ನೆಯೊಂದಿತ್ತು. ಭಕ್ಷಕಕೋಶಕ್ಕೆ ಕಣ್ಣಿಲ್ಲ, ಕಿವಿಯಿಲ್ಲ. ಕೇಡು ಬಂದಿದೆಯೆಂದು ಅದಕ್ಕೆ ತಿಳಿಯುವುದಾದರೂ ಹೇಗೆ?

ಈ ಪ್ರಶ್ನೆಗೆ ಉತ್ತರ ದೊರೆಯಲು ಇನ್ನೂ ಮುಕ್ಕಾಲು ಶತಮಾನಕ್ಕಿಂತ ಹೆಚ್ಚು ಕಾಲ ಹಿಡಿಯಿತು. 1989ರಲ್ಲಿ ಅಮೆರಿಕದ ಚಾರ್ಲ್ಸ್ ಜೇನ್‌ವೇ, ಕಾವಲು ಕೋಶಗಳ ಮೈಮೇಲೆ ಹುಟ್ಟಿನಿಂದಲೇ ಬಂದ ಗ್ರಾಹಕಗಳಿರಬೇಕೆಂದೂ ಅವು ರೋಗಾಣುಗಳ ಸಾಮಾನ್ಯ ಗುರುತುಗಳನ್ನು ಹಿಡಿಯುತ್ತವೆಂದೂ ಊಹಿಸಿದನು. ಗ್ರಾಹಕವೆಂದರೆ ಬೀಗವಿದ್ದಂತೆ, ತಕ್ಕ ಕೀಲಿಕೈ ಬಂದು ಕೂಡಿದರೆ ಮಾತ್ರ ಅದು ತಿರುಗುತ್ತದೆ, ಕೋಶದೊಳಗೆ ಎಚ್ಚರಿಕೆಯ ಗಂಟೆ ಬಾರಿಸುತ್ತದೆ. 1996ರಲ್ಲಿ ಫ್ರಾನ್ಸಿನ ಹಾಫ್‌ಮನ್ ಮತ್ತು ಅವನ ಸಂಗಡಿಗರು, ಹಣ್ಣಿನ ನೊಣದಲ್ಲಿ ಟೋಲ್ ಎಂಬ ಗ್ರಾಹಕವು ಕೆಟ್ಟರೆ ಆ ನೊಣವು ಶಿಲೀಂಧ್ರಕ್ಕೆ ತುತ್ತಾಗಿ ಸಾಯುವುದನ್ನು ಕಂಡರು. ಮರುವರ್ಷ ಮನುಷ್ಯನಲ್ಲಿಯೂ ಅಂಥದೇ ಗ್ರಾಹಕ ದೊರೆಯಿತು. 1998ರಲ್ಲಿ ಅಮೆರಿಕದ ಬ್ಯೂಟ್ಲರ್, ರೋಗಾಣುವಿನ ಹೊದಿಕೆಯ ವಿಷವನ್ನು ಗುರುತಿಸುವುದು ಇಂಥದೊಂದು ಗ್ರಾಹಕವೇ ಎಂದು ತೋರಿಸಿದನು. ಮನುಷ್ಯರಲ್ಲಿ ಟೋಲ್‌ಗೆ ಸದೃಶವಾದ ಹತ್ತು ಗ್ರಾಹಕಗಳಿವೆ. 2011ರಲ್ಲಿ ಹಾಫ್‌ಮನ್ನನಿಗೂ ಬ್ಯೂಟ್ಲರನಿಗೂ ನೊಬೆಲ್ ಪಾರಿತೋಷಕದಲ್ಲಿ ಪಾಲು ದೊರೆಯಿತು. ನೊಣದಿಂದ ಮನುಷ್ಯನನ್ನು ತಿಳಿಯುವ ಈ ದಾರಿ ಮೆಚ್ನಿಕೋವನು ತೋರಿದ ದಾರಿಯೇ ಅಲ್ಲವೆ?

ಈಗ ಅಜ್ಜಿಯ ಮೊಳಕಾಲಿಗೆ ಬರೋಣ. ಕೀಲಿನಲ್ಲಿ ಕೂಡುವ ಎರಡು ಮೂಳೆಗಳ ತುದಿಗೆ ನುಣುಪಾದ ಮೃದ್ವಸ್ಥಿಯ ಹೊದಿಕೆಯಿರುತ್ತದೆ. ಕೀಲಿನ ಒಳಗೋಡೆಗೆ ತೆಳುವಾದ ಪೊರೆಯೊಂದಿದೆ. ನಡುವೆ ಎಣ್ಣೆಯಂತೆ ಜಾರುವ ದ್ರವವಿದೆ. ವಯಸ್ಸು, ಮೈಭಾರ, ಹಳೆಯ ಪೆಟ್ಟು ಮುಂತಾದ ಕಾರಣಗಳಿಂದ ಮೃದ್ವಸ್ಥಿಯು ಸವೆಯುತ್ತದೆ. ಇದೇ ಅಸ್ಥಿಸಂಧಿವಾತ. 2020ರ ಅಂದಾಜಿನಂತೆ ಜಗತ್ತಿನಲ್ಲಿ ಸುಮಾರು 60 ಕೋಟಿ ಜನರಿಗೆ ಈ ಬಾಧೆಯಿದ್ದಿತು. ಗಾಡಿಯ ಅಚ್ಚು ಸವೆದಂತೆ ಕೀಲು ಸವೆಯುತ್ತದೆ, ಅಷ್ಟೇ ಎಂದು ಬಹುಕಾಲ ತಿಳಿಯಲಾಗಿತ್ತು. ಆದರೆ ಗಾಡಿಯ ಅಚ್ಚು ಊದಿಕೊಳ್ಳುವುದಿಲ್ಲ, ಬಿಸುಪೇರಿ ನೋಯುವುದಿಲ್ಲ. ಜೀವವಿರುವ ಕೀಲಿನಲ್ಲಿ ಸವೆತದ ಜೊತೆಗೆ ಇನ್ನೇನೋ ನಡೆಯುತ್ತದೆ.

ಸವೆದ ಮೃದ್ವಸ್ಥಿಯ ಚೂರುಗಳೂ ಅದರೊಳಗಣ ಪ್ರೋಟೀನಿನ ತುಣುಕುಗಳೂ ಕೀಲಿನ ದ್ರವದಲ್ಲಿ ಸೇರುತ್ತವೆ. ನೊಂದ ಕೋಶಗಳು ಹೊರಚೆಲ್ಲುವ ಕೆಲವು ವಸ್ತುಗಳೂ ಅಲ್ಲಿ ಕೂಡುತ್ತವೆ. ಇವು ರೋಗಾಣುಗಳಲ್ಲ, ದೇಹದ ಸ್ವಂತ ವಸ್ತುಗಳೇ. ಆದರೂ ಪೊರೆಯಲ್ಲಿರುವ ಭಕ್ಷಕಕೋಶಗಳ ಟೋಲ್-ಸದೃಶ ಗ್ರಾಹಕಗಳಿಗೆ, ಅದರಲ್ಲಿಯೂ ಎರಡನೆಯ ಮತ್ತು ನಾಲ್ಕನೆಯ ಗ್ರಾಹಕಗಳಿಗೆ, ಇವು ಕೀಲಿಕೈಯಂತೆ ಕೂಡಿಕೊಳ್ಳಬಲ್ಲವು. ಒಡೆದ ಗೋಡೆಯ ಇಟ್ಟಿಗೆಯ ಚೂರನ್ನು ಕಂಡು ಕಾವಲುಗಾರನು ಕನ್ನ ಬಿದ್ದಿದೆಯೆಂದು ಕೂಗಿದಂತೆ, ಕೋಶವು ಎಚ್ಚರಿಕೆಯ ರಾಸಾಯನಿಕಗಳನ್ನು ಸುರಿಸುತ್ತದೆ. ಆ ಸಂದೇಶವನ್ನು ಪಡೆದ ಮೃದ್ವಸ್ಥಿಯ ಕೋಶಗಳು ಮೃದ್ವಸ್ಥಿಯನ್ನೇ ಕರಗಿಸುವ ಕಿಣ್ವಗಳನ್ನು ಹೊರಬಿಡುತ್ತವೆ. ಇನ್ನಷ್ಟು ಚೂರುಗಳು ಉದುರುತ್ತವೆ, ಇನ್ನಷ್ಟು ಕೂಗು ಏಳುತ್ತದೆ. ಎತ್ತು ಗಾಣವನ್ನು ಸುತ್ತಿದಂತೆ ಈ ಚಕ್ರ ಸುತ್ತುತ್ತಲೇ ಇರುತ್ತದೆ. ನಕ್ಷತ್ರಮೀನಿನ ಮುಳ್ಳು ನಿಂತ ಕಡೆಯಲ್ಲಿ ಇಲ್ಲಿ ದೇಹದ ಚೂರೇ ಮುಳ್ಳಾಗಿ ನಿಂತಿದೆ. ಆ ಮುಳ್ಳನ್ನು ಕೀಳುವವರಿಲ್ಲ.

ಹಾಗಾದರೆ ಕಾವಲುಗಾರರನ್ನೇ ತೆಗೆದುಹಾಕಬಹುದಲ್ಲವೆ ಎಂದು ನೀವು ಕೇಳಬಹುದು. ಅದು ಅಷ್ಟು ಸುಲಭವಲ್ಲ. ಅದೇ ಗ್ರಾಹಕಗಳು ನಮ್ಮನ್ನು ರೋಗಾಣುಗಳಿಂದ ಕಾಯುತ್ತವೆ. ಅದೇ ಭಕ್ಷಕಕೋಶಗಳು ಕಸವನ್ನು ಗುಡಿಸಿ ಗಾಯವನ್ನು ಮಾಯಿಸುತ್ತವೆ. ಆಮವಾತವೆಂಬ ಇನ್ನೊಂದು ಕೀಲುರೋಗದಲ್ಲಿ ಗುಣ ಕೊಟ್ಟ ಉರಿಯೂತನಿರೋಧಕ ಔಷಧಗಳು ಅಸ್ಥಿಸಂಧಿವಾತದಲ್ಲಿ ಹಾಗೆ ಫಲಿಸಿಲ್ಲ. ಈ ಚಕ್ರವನ್ನು ಪೂರ್ತಿಯಾಗಿ ನಿಲ್ಲಿಸುವ ಮದ್ದು ಇನ್ನೂ ಕೈಗೆ ಬಂದಿಲ್ಲ. ತಕ್ಕ ವ್ಯಾಯಾಮ, ಮೈತೂಕದ ಇಳಿಕೆ, ನೋವು ತಗ್ಗಿಸುವ ಔಷಧಗಳು, ಕೊನೆಗೆ ಕೃತಕ ಕೀಲಿನ ಜೋಡಣೆ—ಇಷ್ಟೇ ಇಂದು ವೈದ್ಯರಲ್ಲಿರುವ ಸಾಧನಗಳು. ಕಾವಲುಗಾರನನ್ನು ಕೊಲ್ಲದೆ, ಅವನ ಸುಳ್ಳುಕೂಗನ್ನು ಮಾತ್ರ ನಿಲ್ಲಿಸುವುದು ಹೇಗೆಂಬುದೇ ವಿಜ್ಞಾನಿಗಳ ಮುಂದಿರುವ ಸಮಸ್ಯೆ.

ಹೆಂಡತಿಯನ್ನು ಉಳಿಸಿಕೊಳ್ಳಲಾಗದೆ ಬದುಕಿಗೇ ಬೆನ್ನು ತಿರುಗಿಸಿದ್ದ ಒಬ್ಬನು ಮತ್ತೆ ಎದ್ದು ಕುಳಿತು, ಪುಟ್ಟ ಜೀವಿಯೊಂದರ ಮೈಯಲ್ಲಿ ಬದುಕನ್ನು ಕಾಯುವ ಶಕ್ತಿಯನ್ನು ಕಂಡನು. ಅವನು ಕೇಳಿದ ಪ್ರಶ್ನೆಗಳಲ್ಲಿ ಕೆಲವಕ್ಕೆ ಅವನೇ ಉತ್ತರ ಕೊಟ್ಟನು. ಕೆಲವಕ್ಕೆ ಅವನ ಮೊಮ್ಮಕ್ಕಳ ಕಾಲದವರು ಕೊಟ್ಟರು. ಇನ್ನು ಕೆಲವು ಹಾಗೆಯೇ ಉಳಿದಿವೆ. ನಾಳೆ ಬೆಳಗ್ಗೆ ನಿಮ್ಮ ಅಜ್ಜಿ ಮೊಳಕಾಲನ್ನು ಒತ್ತಿಕೊಂಡು ಏಳುವಾಗ ಅವರ ಕೈ ಹಿಡಿದು ಎಬ್ಬಿಸಿರಿ. ಆ ಕೀಲಿನೊಳಗೆ ಕಾವಲುಗಾರರು ಇರುಳೆಲ್ಲ ಎಚ್ಚರವಾಗಿದ್ದರೆಂಬುದನ್ನು ನೆನೆಯಿರಿ. ಉಳಿದ ಪ್ರಶ್ನೆಗಳಿಗೆ ಉತ್ತರ ಹುಡುಕುವವರು ಮುಂದೊಂದು ದಿನ ನಿಮ್ಮಲ್ಲಿಯೂ ಇರಬಹುದು.